ಮುಚ್ಚಳದ ಹಿಂಬದಿಯ ಅಕ್ಷರಗಳು

ಎರಡನೆಯ ಮಹಡಿಯ ಕಿಟಕಿಯಿಂದ ಕೈಬಿಟ್ಟ ಲ್ಯಾಪ್‌ಟಾಪ್ ಅಂಗಳದ ಹಾಸುಗಲ್ಲಿನ ಮೇಲೆ ಬಿದ್ದು, ಒಮ್ಮೆ ಪುಟಿದು, ಮಗುಚಿಕೊಂಡಿತು. ನೆರೆದಿದ್ದ ಪತ್ರಕರ್ತರಲ್ಲಿ ಕೆಲವರು ತಮಗೇ ಪೆಟ್ಟಾದಂತೆ ಮುಖ ಕಿವಿಚಿದರು. ಡಾ. ಕುಮುದಿನಿ ಮೆಟ್ಟಿಲಿಳಿದು ಬಂದು ಅದನ್ನು ಎತ್ತಿ ಮೇಜಿನ ಮೇಲಿಟ್ಟಳು. ಮುಚ್ಚಳದ ಕೀಲಿನಿಂದ ನಡುಭಾಗದವರೆಗೆ ಉದ್ದನೆಯ ಬಿರುಕು ಬಿಟ್ಟಿತ್ತು. ಅವಳು ಗುಂಡಿ ಒತ್ತಿದಾಗ ಪರದೆ ಬೆಳಗಿತು.

"ಇನ್ನು ನಲವತ್ತು ನಿಮಿಷ ಕಾಯಬೇಕು. ಅಷ್ಟರಲ್ಲಿ ಕಾಫಿ ಕುಡಿಯೋಣ," ಎಂದಳು.

ಕಾಫಿಗೆ ಯಾರೂ ಏಳಲಿಲ್ಲ. ಬಿರುಕಿನ ತುದಿ ಮೊದಲು ಮಸುಕಾಯಿತು. ಆಮೇಲೆ ಅದರ ಎರಡೂ ಅಂಚುಗಳು ಒಂದರ ಕಡೆಗೊಂದು ಸರಿಯತೊಡಗಿದವು. ಚಲನೆ ಕಣ್ಣಿಗೆ ಕಾಣುತ್ತಿರಲಿಲ್ಲ. ಐದು ನಿಮಿಷಕ್ಕೊಮ್ಮೆ ನೋಡಿದವರಿಗೆ ಮಾತ್ರ ಬಿರುಕು ಗಿಡ್ಡವಾದದ್ದು ತಿಳಿಯುತ್ತಿತ್ತು. ನಲವತ್ತನೆಯ ನಿಮಿಷಕ್ಕೆ ಅಲ್ಲಿ ತೆಳ್ಳನೆಯ ಒಂದು ಗೆರೆ ಉಳಿದಿತ್ತು, ಹಳೆಯ ಗಾಯದ ಕಲೆಯ ಹಾಗೆ.

ಹಿರಿಯ ಪತ್ರಕರ್ತರೊಬ್ಬರು ಮೆಲ್ಲನೆ ಕೇಳಿದರು: "ಮೇಡಂ, ಇದಕ್ಕೆ ಜೀವ ಇದೆಯಾ?"

"ಜೀವ ಇಲ್ಲ ಸಾರ್. ಆದರೆ ನಮ್ಮ ಮೂಳೆಗೆ ಇರುವಂಥ ಒಂದು ಬುದ್ಧಿ ಇದೆ."

ಅವಳು ವಿವರಿಸಿದಳು. ಮೂಟೆ ಹೊರುವವನ ಬೆನ್ನುಮೂಳೆ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೆ. ಹಾಸಿಗೆ ಹಿಡಿದವನ ಮೂಳೆ ಸವೆಯುತ್ತದೆ. ಭಾರ ಎಲ್ಲಿ ಬೀಳುತ್ತದೆಯೋ ಅಲ್ಲಿಗೆ ದ್ರವ್ಯ ಹರಿದು ಬರುತ್ತದೆ, ಬೀಳದ ಕಡೆಯಿಂದ ಹಿಂದೆ ಸರಿಯುತ್ತದೆ. ಅದೇ ನಿಯಮವನ್ನು ಅನುಸರಿಸುವ ಒಂದು ಮಿಶ್ರಲೋಹವನ್ನು ಕುಮುದಿನಿಯ ತಂಡ ಮೈಸೂರಿನ ಆ ಪ್ರಯೋಗಾಲಯದಲ್ಲಿ ಹನ್ನೆರಡು ವರ್ಷ ದುಡಿದು ರೂಪಿಸಿತ್ತು. ಅವರು ಅದನ್ನು 'ಅಸ್ಥಿಲೋಹ' ಎಂದು ಕರೆದರು. ಬ್ಯಾಟರಿಯಿಂದ ಹರಿಯುವ ಅತಿ ಸಣ್ಣ ವಿದ್ಯುತ್ತಿನ ಬಲದಿಂದ ಅದರ ಕಣಗಳು ಒತ್ತಡ ಬಿದ್ದ ಕಡೆಗೆ ಸರಿಯುತ್ತಿದ್ದವು.

ಅದಕ್ಕೆ ಮುಂಚಿನ ದಿನಗಳನ್ನು ನೆನೆಸಿಕೊಂಡರೆ ಆ ಆವಿಷ್ಕಾರದ ಬೆಲೆ ತಿಳಿಯುತ್ತದೆ. ತೆಳುವಾಗಬೇಕು, ಹಗುರವಾಗಬೇಕು ಎಂಬ ಹಟದಲ್ಲಿ ಲ್ಯಾಪ್‌ಟಾಪುಗಳು ಹಪ್ಪಳದಂತಾಗಿದ್ದವು. ಎರಡು ವರ್ಷಕ್ಕೆ ಕೀಲು ಮುರಿಯುತ್ತಿತ್ತು. ಚಾರ್ಜರ್ ಸಿಕ್ಕಿಸುವ ತೂತು ಸಡಿಲವಾಗಿ, ವೈರನ್ನು ಒಂದು ಪಕ್ಕಕ್ಕೆ ಎಳೆದು ಹಿಡಿದು ಕೂರಬೇಕಾಗುತ್ತಿತ್ತು. ಒಂದು ಕೀಲಿ ಕೆಟ್ಟರೆ ಮೇಲಿನ ಹಲಗೆಯನ್ನೇ ಬದಲಿಸಬೇಕು. ಎಲ್ಲವನ್ನೂ ಅಂಟಿನಿಂದ ಮೆತ್ತಿರುತ್ತಿದ್ದರಿಂದ ರಿಪೇರಿಯವನೂ ಕೈಚೆಲ್ಲುತ್ತಿದ್ದ. ಈಗ ಬಂದ 'ಚಿರಾಯು' ಎಂಬ ಈ ಲ್ಯಾಪ್‌ಟಾಪ್ ಬಳಸಿದಷ್ಟೂ ಗಟ್ಟಿಯಾಗುತ್ತಿತ್ತು.

ಅದರ ಕೀಲು ಮುರಿಯದಂತೆ ನೋಡಿಕೊಂಡ ಉಪಾಯ ಮಾತ್ರ ಕುಮುದಿನಿಯೊಬ್ಬಳದೇ. ಕೀಲಿಮಣೆಯ ಮೇಲೆ ಬೆರಳು ಬಿದ್ದಾಗಲೆಲ್ಲ ಕೆಳಗಿನ ಹಲಗೆಗೆ ಒತ್ತಡ ಬೀಳುತ್ತದೆ, ಮುಚ್ಚಳಕ್ಕೆ ಬೀಳುವುದಿಲ್ಲ. ಈ ಏರುಪೇರೇ ಕೀಲನ್ನು ತಿನ್ನುತ್ತದೆ ಎಂದು ಅವಳು ಕಂಡುಕೊಂಡಳು. ಆದ್ದರಿಂದ ಕೆಳಗೆ ಯಾವ ಜಾಗದಲ್ಲಿ ಒತ್ತಡ ಬಿತ್ತೋ, ಮುಚ್ಚಿದಾಗ ಅದರ ಮೇಲೆ ಬಂದು ಕೂರುವ ಮುಚ್ಚಳದ ಜಾಗದಲ್ಲಿಯೂ ಅಷ್ಟೇ ಒತ್ತಡ ಹುಟ್ಟುವಂತೆ ಮಾಡಿದಳು. ಇದಕ್ಕೆ 'ಪ್ರತಿಭಾರ' ಎಂದು ಹೆಸರಿಟ್ಟಳು. ಪರೀಕ್ಷೆಯಲ್ಲಿ ಮುಚ್ಚಳವನ್ನು ಆರು ಲಕ್ಷ ಸಲ ತೆರೆದು ಮುಚ್ಚಿದರೂ ಕೀಲು ಅಲುಗಲಿಲ್ಲ.

ಒಂದೇ ಒಂದು ಕೊರತೆ ಉಳಿಯಿತು. ಟೈಪ್ ಮಾಡುವಾಗ ಮುಚ್ಚಳದ ಹಿಂಬದಿ ಕೂದಲೆಳೆಯಷ್ಟು ಉಬ್ಬಿ ಇಳಿಯುತ್ತಿತ್ತು. ಅಲ್ಲಿ ಕೈಯಿಟ್ಟವರಿಗೆ ಜುಮುಜುಮು ಎನ್ನುತ್ತಿತ್ತು. ಮಾರಾಟವಾದ ಹನ್ನೊಂದು ಲಕ್ಷ ಲ್ಯಾಪ್‌ಟಾಪುಗಳಿಂದ ಇದರ ಬಗ್ಗೆ ಸಾವಿರಾರು ದೂರುಗಳು ಬಂದವು. 'ಮುಚ್ಚಳ ನಡುಗುತ್ತದೆ', 'ಒಳಗೆ ಹುಳ ಹರಿದ ಹಾಗಾಗುತ್ತದೆ'. ಸಂಸ್ಥೆಯ ಮುಖ್ಯಸ್ಥ ಬೋಪಯ್ಯ ಅವಸರ ಮಾಡಿದರು. ಕುಮುದಿನಿ ತಂತ್ರಾಂಶಕ್ಕೆ ಒಂದು ತಿದ್ದುಪಡಿ ಬರೆದಳು. ಪ್ರತಿಭಾರ ಇನ್ನು ಮುಂದೆ ಒಂದೊಂದೇ ಜಾಗದಲ್ಲಿ ಏಳದೆ ಇಡೀ ಮುಚ್ಚಳಕ್ಕೆ ಸಮನಾಗಿ ಹರಡಿಕೊಳ್ಳುವಂತೆ ಮಾಡಿದಳು. ತಿದ್ದುಪಡಿ ಒಂದೇ ದಿನದಲ್ಲಿ ಎಲ್ಲ ಲ್ಯಾಪ್‌ಟಾಪುಗಳಿಗೂ ತಲುಪಿತು. ದೂರುಗಳು ನಿಂತವು.

ಎರಡು ತಿಂಗಳ ಮೇಲೆ ಸರ್ವಿಸ್ ಸೆಂಟರಿನವರು ಅವಳ ಮೇಜಿಗೆ ಒಂದು ಕಡತ ಕಳಿಸಿದರು. ಗದಗಿನ ಚನ್ನವೀರಪ್ಪ ಹೊಂಬಳ ಎಂಬವರ ದೂರು. ನಾಲ್ಕು ಸಲ ಬಂದಿತ್ತು. ಮೊದಲ ಸಲ 'ಧ್ವನಿವರ್ಧಕ ಸರಿಯಿದೆ' ಎಂದು ಮುಗಿಸಿದ್ದರು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಹೊಸ ಲ್ಯಾಪ್‌ಟಾಪನ್ನೇ ಕೊಡಲು ಹೋದರೆ ಆತ ಹಳೆಯದನ್ನು ಬಿಟ್ಟುಕೊಡಲಿಲ್ಲ. ನಾಲ್ಕೂ ಸಲ ಬರೆದ ವಾಕ್ಯ ಒಂದೇ ಆಗಿತ್ತು: 'ನಮ್ಮ ಮನಿಯವರ ಜೋಡಿ ಲ್ಯಾಪ್‌ಟಾಪ್ ಮಾತಾಡೂದು ಬಿಟ್ಟೈತಿ.'

ಆ ವಾಕ್ಯ ಕುಮುದಿನಿಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲವೆಂದೇ ಅವಳು ತನ್ನ ಪರೀಕ್ಷೆಯ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಗದಗಿನ ರೈಲು ಹತ್ತಿದಳು.

ಸೈಕಲ್ ಅಂಗಡಿಯೊಂದರ ಮೇಲಿನ ಮನೆ. ಬಾಗಿಲು ತೆರೆದವರು ಅರವತ್ತು ದಾಟಿದ, ಗಟ್ಟಿ ಮೈಕಟ್ಟಿನ ಮನುಷ್ಯ. ಮೂವತ್ತೈದು ವರ್ಷ ಗದಗ–ಹುಬ್ಬಳ್ಳಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಪಡಸಾಲೆಯಲ್ಲಿ ಒಂದು ಮೇಜು. ಮೇಜಿನ ಮೇಲೆ ತೆರೆದಿಟ್ಟ ಚಿರಾಯು. ಅದರ ಪರದೆ ಇರುವ ಕಡೆ ಕುರ್ಚಿ ಖಾಲಿ. ಎದುರು ಕಡೆ, ಮುಚ್ಚಳದ ಹಿಂದೆ, ಒಬ್ಬ ಹೆಂಗಸು ಎರಡೂ ಅಂಗೈಗಳನ್ನು ಮುಚ್ಚಳದ ಬೆನ್ನಿಗೆ ಒತ್ತಿಕೊಂಡು ಕೂತಿದ್ದರು. ಬಾಗಿಲ ಸದ್ದಿಗೆ ಅವರು ತಿರುಗಲಿಲ್ಲ.

"ಈಕಿ ಪ್ರಮೀಳಾ, ನನ್ನ ಹೆಂಡ್ತಿ," ಎಂದರು ಚನ್ನವೀರಪ್ಪ. "ಮೂರು ವರ್ಷದ ಹಿಂದ ಮಿದುಳಿಗೆ ಜ್ವರಾ ಏರಿತ್ರಿ. ಜೀವ ಉಳೀತು, ಕಣ್ಣೂ ಕಿವೀನೂ ಎರಡೂ ಹೋದುವು."

ಪ್ರಮೀಳಾ ಬಾಯಿಂದ ಮಾತಾಡಬಲ್ಲವರಾಗಿದ್ದರು. ಆದರೆ ಅವರಿಗೆ ಉತ್ತರ ಮುಟ್ಟಿಸುವ ದಾರಿ ಇರಲಿಲ್ಲ. ಜ್ವರದಲ್ಲಿ ಬೆರಳತುದಿಗಳೂ ಜೋಮು ಹಿಡಿದಿದ್ದವು. ಬ್ರೈಲ್ ಚುಕ್ಕೆಗಳು ಅವರಿಗೆ ಒಂದಕ್ಕೊಂದು ಅಂಟಿಕೊಂಡ ಹಾಗೆ ತೋರುತ್ತಿದ್ದವು. ಅಂಗೈ ಮೇಲೆ ಅಕ್ಷರ ಬರೆದರೆ ಒತ್ತಕ್ಷರ ಬಂದ ಕೂಡಲೇ ಕಲಸಿಹೋಗುತ್ತಿತ್ತು. ಕಡೆಗೆ ಉಳಿದದ್ದು ಎರಡೇ ಮಾತು: ತೋಳಿನ ಮೇಲೆ ಒಮ್ಮೆ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಅಲ್ಲ.

"ಎರಡು ವರ್ಷ ಹಿಂಗಾ ಹೋತ್ರಿ. ಆಮ್ಯಾಲೆ ಈ ಲ್ಯಾಪ್‌ಟಾಪ್ ತಂದೆ. ನಳದ ನೀರಿನ ಸಲುವಾಗಿ ಅರ್ಜಿ ಬರಿಯೂದಿತ್ತು. ನನಗೇನ್ ಟೈಪಿಂಗ್ ಬರ್ತಿದ್ದಿಲ್ಲ, ಒಂದ ಬೆರಳಿನಾಗ ಕುಟ್ಟಾಕತ್ತಿದ್ದೆ. ಈಕಿ ನಾ ಎಲ್ಲಿದ್ದೀನಿ ಅಂತ ಗೊತ್ತಾಗ್ಲಿ ಅಂತ ಎದುರಿಗೆ ಕುಂತು ಮುಚ್ಚಳದ ಮ್ಯಾಲೆ ಕೈ ಇಟ್ಟಿರ್ತಿದ್ಲು. ದಿನಾ ಹಂಗಾ. ಒಂದು ತಿಂಗಳಾದ ಮ್ಯಾಲೆ ಒಂದಿನ ಒಮ್ಮಿಂದೊಮ್ಮೆಲೆ ಅಂದ್ಲು: 'ಅರ್ಜಿ ಅನ್ನೂದ್ರಾಗ ರ ಬಿಟ್ಟೀರಿ. ಹಿಂದಕ್ಕ ಹೋಗಿ ತಿದ್ರಿ.'"

ಅವರು ಪರದೆಯ ಕಡೆ ಕೈ ತೋರಿಸಿದರು.

"ಪರದೆ ನೋಡಿದೆ. 'ಅಜಿ' ಅಂತ ಬಿದ್ದಿತ್ರಿ."

"ಆಮೇಲೆ ನೀವೇನು ಮಾಡಿದಿರಿ?"

"ಏನ್ ಕೇಳಬೇಕು ತಿಳೀಲಿಲ್ಲ. 'ಚಹಾ ಬೇಕೇನು' ಅಂತ ಹೊಡದೆ. ಆಕಿ ನಕ್ಕ ನಕ್ಲು. 'ಎರಡು ವರ್ಷ ಆದ ಮ್ಯಾಲೆ ಮೊದಲ್ನೇ ಮಾತು ಚಹಾದ್ದ ಏನ್ರಿ?' ಅಂದ್ಲು."

ಅಲ್ಲಿಂದ ಐದು ತಿಂಗಳು ಗಂಡಹೆಂಡಿರು ಮೇಜಿನ ಆಚೆ ಈಚೆ ಕೂತು ಮಾತಾಡಿದರು. ಪೇಪರಿನ ಸುದ್ದಿ, ಓಣಿಯ ಸುದ್ದಿ, ಜ್ವರ ಬಂದ ವರ್ಷ ತೀರಿಕೊಂಡವರ ಹೆಸರುಗಳು, ಎಲ್ಲವೂ ಆ ಮುಚ್ಚಳದ ಮೂಲಕ ದಾಟಿದವು. ಆಮೇಲೆ ಒಂದು ಬೆಳಗ್ಗೆ ಏನೂ ದಾಟಲಿಲ್ಲ. ಅದು ಕುಮುದಿನಿಯ ತಿದ್ದುಪಡಿ ಬಂದ ದಿನ.

ಅಷ್ಟರಲ್ಲಿ ಪ್ರಮೀಳಾ ಮುಚ್ಚಳದಿಂದ ಕೈ ತೆಗೆಯದೆಯೇ ಮಾತಾಡಿದರು. ತಮ್ಮ ದನಿ ತಮಗೇ ಕೇಳದವರ ಮಾತು, ಒಂದು ಕಡೆ ಏರಿ ಒಂದು ಕಡೆ ಜಾರುತ್ತಿತ್ತು. "ನಾ ಏನರ ತಪ್ಪು ಮಾಡಿದ್ರ ಹೇಳ್ರಿ. ಹಿಂಗ ಸುಮ್ನ ಇರಬ್ಯಾಡ್ರಿ."

ಚನ್ನವೀರಪ್ಪ ಹೋಗಿ ಹೆಂಡತಿಯ ತೋಳಿನ ಮೇಲೆ ಎರಡು ಸಲ ತಟ್ಟಿದರು. ಮತ್ತೆ ಎರಡು ಸಲ. ಪ್ರಮೀಳಾ ತಲೆಯಾಡಿಸಿದರು, ನಂಬದವರ ಹಾಗೆ.

"ದಿನಾ ಇದನ್ನ ಕೇಳ್ತಾಳ್ರಿ. ನನಗ ಸಿಟ್ಟು ಬಂದೈತಿ, ಅದಕ್ಕ ಮಾತು ಬಿಟ್ಟೀನಿ ಅಂತ ತಿಳ್ಕೊಂಡಾಳ. ಅಲ್ಲ ಅಂತ ಹೆಂಗ ತಿಳಿಸ್ಲಿ? ಅಲ್ಲ ಅನ್ನೂದೊಂದ ತಟ್ಟಾಕ ಬರ್ತೈತಿ. ಯಾಕ ಅನ್ನೂದು ತಟ್ಟಾಕ ಬರೂದಿಲ್ಲ."

ಕುಮುದಿನಿಗೆ ತಲೆಯೆತ್ತಿ ಅವರ ಮುಖ ನೋಡಲಾಗಲಿಲ್ಲ. ಆ ತಿದ್ದುಪಡಿಯನ್ನು ಅವಳು ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಿದ್ದಳು.

ಅವಳು ತನ್ನ ಲ್ಯಾಪ್‌ಟಾಪನ್ನು ಹೊರತೆಗೆದಳು. ಅದರಲ್ಲಿ ಹಳೆಯ ಪ್ರತಿಭಾರ ಹಾಗೆಯೇ ಇತ್ತು. ಚನ್ನವೀರಪ್ಪನವರಿಗೆ ಟೈಪ್ ಮಾಡಲು ಹೇಳಿ, ಎದುರು ಕೂತು, ಕಣ್ಣು ಮುಚ್ಚಿ ಮುಚ್ಚಳದ ಬೆನ್ನಿಗೆ ಅಂಗೈ ಇಟ್ಟಳು. ಜುಮುಜುಮು ಎಂದಿತು, ಅಷ್ಟೇ. ಅದನ್ನು ಮಾಡಿದವಳು ತಾನು. ಅದರ ಒಂದು ಅಕ್ಷರವೂ ತನಗೆ ತಿಳಿಯುತ್ತಿಲ್ಲ.

"ಇವರಿಗೆ ಇದು ಹೇಗೆ ತಿಳಿಯಿತು?" ಎಂದಳು, ಅರ್ಧ ತನ್ನನ್ನೇ ಕೇಳಿಕೊಂಡಂತೆ. "ಇಲ್ಲಿ ಕೂತರೆ ಎಲ್ಲವೂ ತಿರುಗುಮುರುಗು. ನಿಮ್ಮ ಎಡ ನನ್ನ ಬಲ. ಮೇಲಿನ ಸಾಲು ಕೆಳಗೆ ಬರುತ್ತೆ."

"ಆಕಿ ಟೈಪಿಂಗ್ ಕಲಿಸೂ ಅಕ್ಕೋರು ಅಲ್ಲೇನ್ರೀ," ಎಂದರು ಚನ್ನವೀರಪ್ಪ. "ಕೋರ್ಟಿನ ಕಾಗದಾನ ಕೈಲೆ ಹೊಡಿಬೇಕು ಅಂತ ರೂಲ್ ಐತಲ್ಲ, ಅದಕ್ಕ ಕಲಿಯಾಕ ಬರೂ ಮಂದಿಗೆ ಇಪ್ಪತ್ತೆಂಟು ವರ್ಷ ಕ್ಲಾಸ್ ನಡಸ್ಯಾಳ."

ಕುಮುದಿನಿ ಎದ್ದು ನಿಂತಳು. ಪಾಠ ಹೇಳುವವರು ನಿಲ್ಲುವಂತೆ, ಮೇಜಿನ ಈಚೆ ನಿಂತು, ಎದುರು ಕೂತವರ ಕೈಗಳನ್ನು ನೋಡಿದಳು. ಅವಳ ಕಣ್ಣ ಮುಂದೆ ಇದ್ದ ಕೀಲಿಮಣೆ ತಲೆಕೆಳಗಾಗಿತ್ತು. ಅಂಕಿಗಳ ಸಾಲು ತನ್ನ ಹತ್ತಿರ, ಸ್ಪೇಸ್ ಬಾರಿನ ಉದ್ದ ಪಟ್ಟಿ ದೂರ. ವಿದ್ಯಾರ್ಥಿಯ ಎಡಗೈ ತನ್ನ ಬಲಕ್ಕೆ. ಅವಳು ಮುಚ್ಚಳದ ಬೆನ್ನನ್ನು ನೋಡಿದಳು. ಅಲ್ಲಿಯೂ ಅಂಕಿಗಳ ಸಾಲು ಕೆಳಗೆ, ಎಡ ಬಲಕ್ಕೆ. ಎರಡೂ ಒಂದೇ ಚಿತ್ರ.

ಇಪ್ಪತ್ತೆಂಟು ವರ್ಷ ಎದುರಿಗೆ ನಿಂತು ಬೇರೆಯವರ ಬೆರಳುಗಳನ್ನು ತಲೆಕೆಳಗಾಗಿ ಓದಿದ ಒಬ್ಬ ಶಿಕ್ಷಕಿಗೆ, ಅವರು ಓದಬಲ್ಲ ರೀತಿಯಲ್ಲಿಯೇ, ಆ ಲೋಹ ಅಕ್ಷರಗಳನ್ನು ಹೊತ್ತು ತಂದಿತ್ತು. ಕಂಡಕ್ಟರನ ಒಂಟಿ ಬೆರಳಿನ ನಿಧಾನವಾದ, ಭಾರವಾದ ಪೆಟ್ಟು ಒಂದೊಂದು ಕೀಲಿಯ ಜಾಗದಲ್ಲಿಯೂ ಮುಚ್ಚಳದ ಮೇಲೆ ಸಾಸಿವೆಯಷ್ಟು ದಪ್ಪದ ಗುಬುಟುಗಳನ್ನು ಬೆಳೆಸಿತ್ತು; ಯಾವ ಕೀಲಿ ಹೊಡೆದರೆ ಆ ಗುಬುಟು ಅಂಗೈಗೆ ಒತ್ತುತ್ತಿತ್ತು. ವೇಗವಾಗಿ ಟೈಪ್ ಮಾಡುವ ಹನ್ನೊಂದು ಲಕ್ಷ ಜನರ ಕೈಯಲ್ಲಿ ಬರಿಯ ನಡುಕವಾಗಿದ್ದದ್ದು ಇಲ್ಲಿ ಭಾಷೆಯಾಗಿತ್ತು. ಇದನ್ನು ಯಾರೂ ಯೋಜಿಸಿರಲಿಲ್ಲ.

ಅವಳು ಆ ಕ್ಷಣವೇ ಹಳೆಯ ಪ್ರತಿಭಾರವನ್ನು ಅವರ ಚಿರಾಯುವಿಗೆ ಮರಳಿ ಹಾಕಿದಳು. ಚನ್ನವೀರಪ್ಪ ಟೈಪ್ ಮಾಡಿದರು. ಪ್ರಮೀಳಾ ಅಂಗೈ ಇಟ್ಟೇ ಇದ್ದರು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

ಕಾರಣ ಕುಮುದಿನಿಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳು ಮುಚ್ಚಳದ ಬೆನ್ನನ್ನು ಸವರಿದಳು; ನುಣ್ಣಗಿತ್ತು. ಎರಡು ತಿಂಗಳು ಭಾರ ಬೀಳದ ಕಡೆಯಿಂದ ದ್ರವ್ಯ ಹಿಂದೆ ಸರಿದು, ಗುಬುಟುಗಳು ಕರಗಿಹೋಗಿದ್ದವು.

"ಮತ್ತೆ ಬೆಳೀಬೇಕು," ಎಂದಳು. "ಎಷ್ಟು ದಿನ ಆಗುತ್ತೋ ಗೊತ್ತಿಲ್ಲ. ಆಗುತ್ತೆ ಅಂತ ನಾನು ಮಾತು ಕೊಡಲಾರೆ."

"ಏನ್ ಹೊಡಿಬೇಕ್ರಿ?"

"ಏನಾದರೂ ಸರಿ. ನಿಮಗೆ ಬಾಯಿಪಾಠ ಬರುವಂಥದ್ದು. ಅದನ್ನೇ ಮತ್ತೆ ಮತ್ತೆ."

ಚನ್ನವೀರಪ್ಪ ಯೋಚಿಸಿ ತಮ್ಮ ದಾರಿಯ ನಿಲ್ದಾಣಗಳನ್ನು ಹೊಡೆಯತೊಡಗಿದರು. ಗದಗ, ಹುಲಕೋಟಿ, ಅಣ್ಣಿಗೇರಿ, ನಲವಡಿ, ಶಿರಗುಪ್ಪಿ, ಹುಬ್ಬಳ್ಳಿ. ಹುಬ್ಬಳ್ಳಿ ಮುಟ್ಟಿದ ಮೇಲೆ ಮತ್ತೆ ಗದಗಿನಿಂದ. ಆ ದಿನವಿಡೀ, ಮರುದಿನವಿಡೀ. ಅವರ ತೋರುಬೆರಳಿನ ತುದಿ ಕೆಂಪಾಯಿತು. ಬಟ್ಟೆ ಸುತ್ತಿಕೊಂಡು ಮುಂದುವರಿಸಿದರು. ಕುಮುದಿನಿ ಸ್ಟೇಷನ್ ಹತ್ತಿರದ ವಸತಿಗೃಹದಲ್ಲಿ ಉಳಿದಳು. ಬೆಳಗ್ಗೆ ಬಂದು ಮುಚ್ಚಳವನ್ನು ಸವರಿ ನೋಡುವುದು, ಸುಮ್ಮನೆ ಕೂರುವುದು. ಪ್ರಮೀಳಾ ಊಟಕ್ಕೆ ಮಾತ್ರ ಏಳುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ಪ್ರಮೀಳಾರ ಬಲಗೈಯ ಉಂಗುರ ಬೆರಳು ಸಣ್ಣಗೆ ಅಲುಗಿತು. ಹುಬ್ಬು ಗಂಟಿಕ್ಕಿತು. ಮಗ್ಗುಲ ಕೋಣೆಯ ಮಾತನ್ನು ಆಲಿಸುವವರ ಹಾಗೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದರು.

"ಅಣ್ಣಿಗೇರಿ," ಎಂದರು.

ಚನ್ನವೀರಪ್ಪ ಟೈಪ್ ಮಾಡುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಲು ಹೆದರಿದರು.

"ನಲವಡಿ. ಶಿರಗುಪ್ಪಿ." ಪ್ರಮೀಳಾ ಅಂಗೈಗಳನ್ನು ಇನ್ನಷ್ಟು ಒತ್ತಿಕೊಂಡರು. "ಯಾವ ಬಸ್ಸು ಹತ್ತೀರಿ ಇಷ್ಟು ದಿನ?"

ಚನ್ನವೀರಪ್ಪನವರ ಕಣ್ಣಿಗೆ ಕೀಲಿಗಳು ಕಾಣದಾಗಿದ್ದವು. ಆದರೂ ಒಂದೊಂದನ್ನೇ ಹುಡುಕಿ ಹೊಡೆದರು. ಕುಮುದಿನಿ ಪರದೆಯನ್ನು ನೋಡಲಿಲ್ಲ; ಪ್ರಮೀಳಾರ ಮುಖವನ್ನೇ ನೋಡುತ್ತಿದ್ದಳು. ಎರಡು ತಿಂಗಳಿಂದ ಆ ಮುಖದ ಮೇಲಿದ್ದ ಭಾರವೊಂದು ಅಕ್ಷರ ಅಕ್ಷರವಾಗಿ ಇಳಿಯುತ್ತಿತ್ತು.

"ಹಂಗಾರ ಸಿಟ್ಟಾಗಿರ್ಲಿಲ್ಲ ನೀವು," ಎಂದರು ಪ್ರಮೀಳಾ ಕಡೆಗೆ.

ಮೈಸೂರಿಗೆ ಹಿಂದಿರುಗಿದ ಕುಮುದಿನಿ ನಡೆದದ್ದನ್ನೆಲ್ಲ ಬೋಪಯ್ಯನವರಿಗೆ ಹೇಳಿದಳು. ಅವರು ಕಠಿಣ ಮನುಷ್ಯರಲ್ಲ. ಆದರೆ ಹನ್ನೊಂದು ಲಕ್ಷ ಜನರಿಗೆ ಉತ್ತರ ಹೇಳಬೇಕಾದವರು.

"ನಡುಕ ಬೇಡ ಅಂದವರು ಸಾವಿರಾರು. ಬೇಕು ಅಂದವರು ಒಬ್ಬರು, ಡಾಕ್ಟರ್."

"ಒಬ್ಬರು ಅಂತ ಹೇಗೆ ಹೇಳ್ತೀರಿ ಸಾರ್? ಇವರು ದೂರು ಕೊಟ್ಟರು, ಗಂಡನಿಗೆ ಬರೆಯೋಕೆ ಬರ್ತಿತ್ತು. ನೋಡೋಕೂ ಆಗದೆ ಕೇಳೋಕೂ ಆಗದೆ ಕೂತಿರುವ ಬೇರೆಯವರು ಎಷ್ಟು ಜನ ಇದ್ದಾರೆ ಅಂತ ನಮಗೆ ಗೊತ್ತಾ?"

ಬೋಪಯ್ಯ ಒಪ್ಪಿಕೊಂಡರು. ಮುಂದಿನ ವಾರ ಚಿರಾಯುವಿಗೆ ಇನ್ನೊಂದು ತಿದ್ದುಪಡಿ ಹೋಯಿತು. ಬೇಡವಾದವರಿಗೆ ಮುಚ್ಚಳ ಸುಮ್ಮನಿರುತ್ತಿತ್ತು. ಬೇಕಾದವರು ಒಂದು ಗುಂಡಿಯಿಂದ ಹಳೆಯ ಪ್ರತಿಭಾರವನ್ನು ಎಬ್ಬಿಸಿಕೊಳ್ಳಬಹುದಿತ್ತು. ಆಮೇಲೆ ಪತ್ರಗಳು ಬಂದವು. ಬೀದರಿನಿಂದ, ಚಾಮರಾಜನಗರದಿಂದ, ಹೊನ್ನಾವರದಿಂದ. ಬರೆದವರು ತಾಯಂದಿರು, ಅಣ್ಣಂದಿರು, ಹೆಂಡಂದಿರು. ಓದುವ ಬಗೆಯನ್ನು ಕಲಿಸಬಲ್ಲವರು ನಾಡಿನಲ್ಲಿ ಒಬ್ಬರೇ ಇದ್ದುದರಿಂದ ಎಲ್ಲರಿಗೂ ಗದಗಿನ ವಿಳಾಸ ಕೊಡಲಾಯಿತು. ಪ್ರಮೀಳಾರ ಟೈಪಿಂಗ್ ಕ್ಲಾಸು ಮತ್ತೆ ಬಾಗಿಲು ತೆರೆಯಿತು. ಈ ಸಲ ಪ್ರತಿ ಮೇಜಿಗೂ ಇಬ್ಬರು ವಿದ್ಯಾರ್ಥಿಗಳು, ಆಚೆಗೊಬ್ಬರು, ಈಚೆಗೊಬ್ಬರು.

ಒಂದು ವರ್ಷದ ಮೇಲೆ ಕುಮುದಿನಿ ಆ ಕ್ಲಾಸು ನೋಡಲು ಹೋದಳು. ಎಂಟು ಮೇಜುಗಳಿದ್ದವು. ಬೆರಳುಗಳ ಸದ್ದು ಬಿಟ್ಟರೆ ಕೋಣೆ ನಿಶ್ಶಬ್ದವಾಗಿತ್ತು. ಕಿಟಕಿಯ ಪಕ್ಕದ ಮೇಜಿನಲ್ಲಿ ಕೊಪ್ಪಳದ ಕಡೆಯ ಹುಲಿಗೆವ್ವ ಎಂಬಾಕೆ ತನ್ನ ಮಗಳು ಲಲಿತಾಳ ಜೊತೆ ಕೂತಿದ್ದಳು. ಅವರ ಕಥೆಯನ್ನು ಚನ್ನವೀರಪ್ಪ ಮೆಲ್ಲನೆ ಹೇಳಿದರು. ಲಲಿತಾ ಹುಟ್ಟಿನಿಂದ ಕಿವುಡಿ. ಕಿವುಡರ ಶಾಲೆಯಲ್ಲಿ ಓದುಬರಹ ಕಲಿತಳು. ಹದಿಮೂರನೆಯ ವಯಸ್ಸಿಗೆ ಕಣ್ಣುಗಳು ಮಂಜಾಗಿ, ಹದಿನೈದಕ್ಕೆ ಪೂರ್ತಿ ಹೋದವು. ಈಗ ಅವಳಿಗೆ ಇಪ್ಪತ್ತೆರಡು. ತಾಯಿಗೆ ಅಕ್ಷರವೇ ಬರುತ್ತಿರಲಿಲ್ಲ. ಮಗಳಿಗಾಗಿ, ನಲವತ್ತಾರನೆಯ ವಯಸ್ಸಿನಲ್ಲಿ, ಏಳು ತಿಂಗಳಿಂದ ಇಲ್ಲಿಯೇ ಬಾಡಿಗೆ ಕೋಣೆ ಹಿಡಿದು ಕಲಿಯುತ್ತಿದ್ದಳು.

"ಆರು ವರ್ಷದ ಹಿಂದ ಆ ಹುಡುಗಿ ಅಪ್ಪ ಲಾರಿ ಅಪಘಾತದಾಗ ಹೋದ್ರಿ. ಯಾರೂ ಆಕಿಗೆ ಹೇಳಿಲ್ಲ. ಊರಾನವರು ಅಂಗೈ ಮ್ಯಾಲೆ ಬರದು ಹೇಳ್ತೀವಿ ಅಂದ್ರಂತ. ಆ ಮಾತನ್ನ ಬ್ಯಾರೆಯವರ ಬೆರಳಿಂದ ಹೇಳಿಸಾಕ ತಾಯಿಗೆ ಮನಸ್ಸಾಗ್ಲಿಲ್ಲ."

ಅವರು ಹೇಳುತ್ತಿದ್ದ ಹಾಗೆ ಲಲಿತಾ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ಏನೋ ಹೊಡೆದಳು. ಮತ್ತೆ ತಾಯಿಯ ಕಡೆ ತಿರುಗಿಸಿ, ಮುಚ್ಚಳದ ಬೆನ್ನಿಗೆ ಅಂಗೈ ಇಟ್ಟು ಕಾದಳು. ಹುಲಿಗೆವ್ವ ತುಟಿ ಅಲುಗಿಸುತ್ತ ಅಕ್ಷರ ಕೂಡಿಸಿ ಓದಿದಳು. ಪರದೆಯ ಮೇಲೆ ಎರಡೇ ಪದಗಳಿದ್ದವು: 'ಅಪ್ಪ ಎಲ್ಲಿ?'

ಹುಲಿಗೆವ್ವನ ಕೈ ಕೀಲಿಗಳ ಮೇಲೆ ಬಹಳ ಹೊತ್ತು ನಿಂತಿತು. ಪ್ರಮೀಳಾರಿಗೆ ಯಾರೂ ಹೇಳಿರಲಿಲ್ಲ. ಆದರೂ ಅವರು ನಡೆಯುತ್ತ ಬಂದು ಆ ಮೇಜಿನ ಬಳಿ ಒಂದು ಗಳಿಗೆ ನಿಂತು, ಮೇಜನ್ನು ಮುಟ್ಟಿ ನೋಡಿ, ಸದ್ದಿಲ್ಲದೆ ಮುಂದೆ ಹೋದರು. ಆಮೇಲೆ ಹುಲಿಗೆವ್ವ ಟೈಪ್ ಮಾಡಿದಳು. ಒಂದೊಂದು ಕೀಲಿಗೂ ಒಂದೊಂದು ಉಸಿರು. ಕುಮುದಿನಿ ಲಲಿತಾಳ ಅಂಗೈಗಳನ್ನೇ ನೋಡುತ್ತಿದ್ದಳು. ಕೂದಲೆಳೆಯಷ್ಟು ಏರಿ ಇಳಿಯುವ ಲೋಹದ ಮೇಲೆ ಅವು ಅಲುಗದೆ ಇದ್ದವು. ಕೀಲು ಮುರಿಯದಿರಲಿ ಎಂದು ತಾನು ಮಾಡಿದ ಒಂದು ಲೆಕ್ಕ ಈಗ ಒಬ್ಬ ತಂದೆಯ ಸಾವನ್ನು ಮಗಳಿಗೆ ಮುಟ್ಟಿಸುತ್ತಿದೆ ಎಂದುಕೊಂಡಾಗ ಅವಳಿಗೆ ಆ ಕೋಣೆಯಲ್ಲಿ ಉಸಿರಾಡುವುದೂ ಸದ್ದು ಮಾಡಿದಂತೆ ಅನ್ನಿಸಿತು.

ತಾಯಿ ಹೊಡೆದು ಮುಗಿಸಿದ ಮೇಲೆಯೂ ಲಲಿತಾ ಕೈ ತೆಗೆಯಲಿಲ್ಲ. ಎಷ್ಟೋ ಹೊತ್ತು ಹಾಗೆಯೇ ಇದ್ದಳು. ಗಲ್ಲದ ಮೇಲೆ ನೀರಿಳಿಯಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ಎರಡನೆಯ ಪ್ರಶ್ನೆ ಬರೆದು, ಮತ್ತೆ ತಾಯಿಯ ಕಡೆ ತಿರುಗಿಸಿದಳು.

'ಆವತ್ತು ನಿನ್ನ ಜೋಡಿ ಯಾರಿದ್ದರು?'

ಹುಲಿಗೆವ್ವ ಓದಿದಳು. ಈ ಸಲ ಅವಳು ಕೀಲಿಗಳನ್ನು ಹುಡುಕಲಿಲ್ಲ. ಬೆರಳುಗಳಿಗೆ ದಾರಿ ಮೊದಲೇ ಗೊತ್ತಿದ್ದ ಹಾಗೆ ಹೊಡೆದಳು.

'ನೀನ ಇದ್ದಿ.'

ಲಲಿತಾ ಮುಚ್ಚಳದ ಮೇಲಿಂದ ಕೈಚಾಚಿ ತಾಯಿಯ ಮುಖವನ್ನು ಹುಡುಕಿದಳು.